ಕಾಲವನ್ನು ಹಂಚಿದ ಉಪಾಧ್ಯಾಯ: ಕ್ರಿಸ್ಟೋಫರ್ ಸ್ಟ್ರೇಚಿ

ಮಠದ ದಾಸೋಹದಲ್ಲಿ ಪಂಕ್ತಿಗೆ ಕುಳಿತು ಉಂಡವರಿಗೆಲ್ಲ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಬಡಿಸುವವರು ಕೆಲವರು, ಉಣ್ಣುವವರು ನೂರಾರು. ಆದರೂ ಅನ್ನದ ಬುಟ್ಟಿ ಹಿಡಿದವನು ಸಾಲಿನ ಈ ತುದಿಯಿಂದ ಆ ತುದಿಗೆ ತಡೆಯಿಲ್ಲದೆ ಸಾಗುತ್ತಿದ್ದರೆ, ಪ್ರತಿಯೊಬ್ಬನಿಗೂ ತನ್ನ ಎಲೆಗೆಂದೇ ಒಬ್ಬನನ್ನು ನಿಲ್ಲಿಸಿದ್ದಾರೆಂಬ ಭಾವನೆ ಉಂಟಾಗುತ್ತದೆ. ಒಬ್ಬನು ಒಂದು ತುತ್ತನ್ನು ಅಗಿದು ನುಂಗುವಷ್ಟರಲ್ಲಿ ಬಡಿಸುವವನು ಹತ್ತು ಎಲೆಗಳನ್ನು ದಾಟಿ ಹೋಗಿರುತ್ತಾನೆ. ಉಣ್ಣುವವನ ನಿಧಾನವೇ ಬಡಿಸುವವನಿಗೆ ಅವಕಾಶ.

ಇಂದು ಜಗತ್ತಿನ ದೊಡ್ಡ ಬ್ಯಾಂಕುಗಳ ಲೆಕ್ಕಪತ್ರಗಳನ್ನು ಹೊತ್ತು ನಿಂತಿರುವ ಬೃಹತ್ ಗಣಕಯಂತ್ರಗಳು, ಅಂದರೆ ಮೇನ್‌ಫ್ರೇಮ್‌ಗಳು, ಏಕಕಾಲದಲ್ಲಿ ಸಾವಿರಾರು ಜನರ ಕೆಲಸವನ್ನು ಮಾಡುವುದು ಇದೇ ಮರ್ಮದಿಂದ. ಆ ಮರ್ಮವನ್ನು ಗಣಿತದ ಖಚಿತತೆಯಿಂದ ಮೊದಲಿಗೆ ವಿವರಿಸಿ ಬರೆದವರಲ್ಲಿ ಒಬ್ಬರು ಕ್ರಿಸ್ಟೋಫರ್ ಸ್ಟ್ರೇಚಿಯವರು. ಗಣಕಶಾಸ್ತ್ರ ಬಲ್ಲವರ ಲೋಕದಲ್ಲಿ ಅವರದು ಬಹು ದೊಡ್ಡ ಹೆಸರು. ಆದರೆ ಶಿಕ್ಷಣ ಸಂಸ್ಥೆಯೊಂದರ ಸಂಚಿಕೆಯಲ್ಲಿ ಅವರ ಚರಿತ್ರೆಯನ್ನು ಹೇಳುವುದಕ್ಕೆ ಬೇರೊಂದು ಕಾರಣವುಂಟು. ಮೂವತ್ತೈದನೆಯ ವಯಸ್ಸಿನಲ್ಲಿ ಅವರು ಯಾವ ಸಂಶೋಧನಾಲಯದ ವಿಜ್ಞಾನಿಯೂ ಆಗಿರಲಿಲ್ಲ. ಹುಡುಗರಿಗೆ ಗಣಿತವನ್ನೂ ಭೌತಶಾಸ್ತ್ರವನ್ನೂ ಹೇಳಿಕೊಡುತ್ತಿದ್ದ ಶಾಲಾ ಉಪಾಧ್ಯಾಯರಾಗಿದ್ದರು.

ಸ್ಟ್ರೇಚಿಯವರು 1916ನೆಯ ಇಸವಿ ನವೆಂಬರ್ 16ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಜನಿಸಿದರು. ಅವರ ಮನೆತನಕ್ಕೂ ಭಾರತಕ್ಕೂ ಹಳೆಯ ನಂಟು. ತಾತ ಸರ್ ರಿಚರ್ಡ್ ಸ್ಟ್ರೇಚಿಯವರು ಬಂಗಾಳದ ಸೈನ್ಯದ ಇಂಜಿನಿಯರಾಗಿ ಬಂದು, ಮುಂದೆ ಈ ದೇಶದ ಲೋಕೋಪಯೋಗಿ ಕಾಮಗಾರಿಗಳ ಹಾಗೂ ನೀರಾವರಿಯ ಮೇಲ್ವಿಚಾರಣೆಯಲ್ಲಿ ದೊಡ್ಡ ಅಧಿಕಾರ ವಹಿಸಿದ್ದವರು. ಸ್ವದೇಶಕ್ಕೆ ಮರಳಿದ ಮೇಲೆ ಈಸ್ಟ್ ಇಂಡಿಯನ್ ರೈಲ್ವೆ ಕಂಪೆನಿಯ ಅಧ್ಯಕ್ಷರಾದವರು. ತಂದೆ ಆಲಿವರ್ ಸ್ಟ್ರೇಚಿಯವರೂ ಕೆಲಕಾಲ ಅದೇ ರೈಲ್ವೆಯಲ್ಲಿ ನೌಕರಿ ಮಾಡಿ, ಅನಂತರ ಎರಡು ಮಹಾಯುದ್ಧಗಳಲ್ಲಿಯೂ ಶತ್ರುಗಳ ಗುಪ್ತಲಿಪಿಯನ್ನು ಬಿಡಿಸುವ ಕಾರ್ಯದಲ್ಲಿ ಹೆಸರು ಪಡೆದರು. ತಾಯಿ ರೇ ಸ್ಟ್ರೇಚಿಯವರು ಗಣಿತ ಓದಿದ ವಿದುಷಿ. ಸ್ತ್ರೀಯರ ಮತದಾನದ ಹಕ್ಕಿಗಾಗಿ ದುಡಿದು ಆ ಚಳವಳಿಯ ಇತಿಹಾಸವನ್ನೂ ಬರೆದವರು. ಚಿಕ್ಕಪ್ಪ ಲಿಟನ್ ಸ್ಟ್ರೇಚಿಯವರು ಇಂಗ್ಲಿಷ್ ಜೀವನಚರಿತ್ರೆಯ ಬರವಣಿಗೆಯ ದಿಕ್ಕನ್ನೇ ಬದಲಿಸಿದ ಲೇಖಕರು. ನಾಲೆಯ ನೀರು, ಒಂಟಿ ಹಳಿಯ ಮೇಲಿನ ಬಂಡಿಗಳು, ಬಿಡಿಸಲಾರದ ಒಗಟು — ಈ ಮೂರನ್ನೂ ಕಂಡ ಮನೆತನದ ಕುಡಿಯೊಬ್ಬನು ಯಂತ್ರದ ಕಾಲವನ್ನು ಹಂಚುವ ವಿಚಾರಕ್ಕೆ ಕೈಹಾಕಿದ್ದು ಕಾಕತಾಳೀಯವೇ ಇರಬಹುದು. ಆದರೆ ಸೊಗಸಾದ ಕಾಕತಾಳೀಯ.

ಇಂಥ ಮನೆಯಲ್ಲಿ ಹುಟ್ಟಿದವನಿಂದ ಲೋಕವು ಬಹಳವನ್ನು ನಿರೀಕ್ಷಿಸುತ್ತದೆ. ಗ್ರೆಶಮ್ಸ್ ಶಾಲೆಯಲ್ಲಿ ಓದಿ 1935ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನು ಸೇರಿದ ಕ್ರಿಸ್ಟೋಫರರು ಆ ನಿರೀಕ್ಷೆಯನ್ನು ಪೂರೈಸಲಿಲ್ಲ. ಬುದ್ಧಿ ಚುರುಕಾಗಿತ್ತು; ಮಾತು ಅದಕ್ಕಿಂತ ಚುರುಕು. ಒಗಟು, ಆಟ, ಸಂಗೀತಗಳಲ್ಲಿ ಹೊತ್ತು ಹೋಗುತ್ತಿತ್ತು. ಪರೀಕ್ಷೆಯ ಓದು ಹಿಂದೆ ಬೀಳುತ್ತಿತ್ತು. ಮೂರನೆಯ ವರ್ಷದ ಕೊನೆಗೆ ಮನಸ್ಸು ಕುಸಿದು ಓದನ್ನೇ ನಿಲ್ಲಿಸಬೇಕಾಯಿತು. ಚೇತರಿಸಿಕೊಂಡು ಮರಳಿ ಬಂದು ಪದವಿಯನ್ನು ಪಡೆದರಾದರೂ ದೊರೆತದ್ದು ಎರಡನೆಯ ದರ್ಜೆಯ ಕೆಳಗಿನ ಶ್ರೇಣಿ. ಸಂಶೋಧನೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದಾಗಲೂ ಅವರ ಹೆಸರಿನ ಹಿಂದೆ ಡಾಕ್ಟರೇಟ್ ಇರಲಿಲ್ಲ.

ಯುದ್ಧಕಾಲದಲ್ಲಿ ಅವರು ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಎಂಬ ಕಂಪೆನಿಯಲ್ಲಿ ರಾಡಾರಿಗೆ ಬೇಕಾದ ಎಲೆಕ್ಟ್ರಾನ್ ಕವಾಟಗಳ ವಿನ್ಯಾಸದಲ್ಲಿ ತೊಡಗಿದ್ದರು. ಅಲ್ಲಿಯ ಲೆಕ್ಕಗಳಿಗಾಗಿ ಡಿಫರೆನ್ಷಿಯಲ್ ಅನಲೈಸರ್ ಎಂಬ ಹಲ್ಲುಚಕ್ರಗಳ ಗಣನಯಂತ್ರವನ್ನು ಬಳಸಿದ್ದು ಅವರಲ್ಲಿ ಯಂತ್ರಗಣನೆಯ ಕುತೂಹಲವನ್ನು ಬಿತ್ತಿತು. ಯುದ್ಧ ಮುಗಿದೊಡನೆ, 1945ರಲ್ಲಿ, ಕ್ಯಾಂಟರ್‌ಬರಿಯ ಸೇಂಟ್ ಎಡ್ಮಂಡ್ಸ್ ಶಾಲೆಯಲ್ಲಿ ಉಪಾಧ್ಯಾಯರಾದರು. 1949ರಲ್ಲಿ ಹೆಸರಾಂತ ಹ್ಯಾರೊ ಶಾಲೆಗೆ ಬಂದರು. ಶಾಲಾಮಾಸ್ತರಿಕೆಯನ್ನು ಅವರು ಅರೆಮನಸ್ಸಿನಿಂದ ಮಾಡಿದವರಲ್ಲ. ಕಠಿಣವಾದುದನ್ನು ಹುಡುಗನೊಬ್ಬನಿಗೆ ಅರ್ಥವಾಗುವಂತೆ ಬಿಡಿಸಿ ಹೇಳುವುದರಲ್ಲಿ ಅವರಿಗೆ ನಿಜವಾದ ಸಂತೋಷವಿತ್ತು. ಮುಂದೆ ಅವರು ಮಾಡಿದ ಶಾಸ್ತ್ರಕಾರ್ಯದಲ್ಲೆಲ್ಲ ಈ ಗುಣವೇ ಎದ್ದು ಕಾಣುತ್ತದೆ: ಒಂದು ಮಾತಿಗೆ ಒಂದೇ ಅರ್ಥವಿರಬೇಕು, ಆ ಅರ್ಥವನ್ನು ತೋರಿಸಿಕೊಡಲು ಬರಬೇಕು ಎಂಬ ಹಟ. ಮೇಷ್ಟರಿಗಿಂತ ಚೆನ್ನಾಗಿ ಇದರ ಬೆಲೆ ಬಲ್ಲವರು ಯಾರು?

1951ರ ಜನವರಿ. ಕ್ರಿಸ್‌ಮಸ್ ರಜೆ ಇನ್ನೂ ಮುಗಿದಿರಲಿಲ್ಲ. ಸ್ನೇಹಿತರೊಬ್ಬರ ಪರಿಚಯದ ಮೂಲಕ ಸ್ಟ್ರೇಚಿಯವರು ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿಯ ಮೈಕ್ ವುಡ್ಜರರೊಡನೆ ಒಂದು ದಿನ ಕಳೆದು, ಪೈಲಟ್ ಏಸ್ ಎಂಬ ವಿದ್ಯುನ್ಮಾನ ಗಣಕವನ್ನು ಕಂಡು ಬಂದರು. ಉಳಿದ ರಜೆಯೆಲ್ಲ ಆ ಯಂತ್ರಕ್ಕೆ ಚೆಕ್ಕರ್ಸ್ ಆಟವನ್ನು ಕಲಿಸುವ ಕ್ರಮವಿಧಿಯ ಬರವಣಿಗೆಯಲ್ಲಿ ಕಳೆಯಿತು. ಯಂತ್ರವು ಕೂಡಿ ಕಳೆಯುವುದಷ್ಟೇ ಅಲ್ಲ, ಮುಂದಿನ ನಡೆಗಳನ್ನು ಎಣಿಸಿ ಆರಿಸಬಲ್ಲದೆಂದು ತೋರಿಸುವುದು ಉದ್ದೇಶ. ಮೊದಲ ಪ್ರಯತ್ನ ಕೈಗೂಡಲಿಲ್ಲ. ಯಂತ್ರದ ಸ್ಮೃತಿ ಸಾಲದಾಯಿತು, ತಪ್ಪುಗಳೂ ಇದ್ದವು. ಆಗ ಮ್ಯಾಂಚೆಸ್ಟರಿನಲ್ಲಿ ಇದಕ್ಕಿಂತ ದೊಡ್ಡ ಸ್ಮೃತಿಯುಳ್ಳ ಫೆರಾಂಟಿ ಮಾರ್ಕ್ 1 ಬಂದಿರುವ ಸುದ್ದಿ ತಿಳಿಯಿತು. ಅಲ್ಲಿದ್ದವರು ಅಲನ್ ಟ್ಯೂರಿಂಗ್. ಕಿಂಗ್ಸ್ ಕಾಲೇಜಿನ ದಿನಗಳಿಂದ ಅಲ್ಪ ಪರಿಚಯವಿದ್ದವರು. ಟ್ಯೂರಿಂಗರು ಬರೆದ ಕೈಪಿಡಿಯನ್ನು ತರಿಸಿಕೊಂಡು ಓದುವುದಾಯಿತು. ಆ ಕೈಪಿಡಿಯು ಓದುಗನ ಮೇಲೆ ಕರುಣೆ ತೋರದ ಬರವಣಿಗೆಗೆ ಹೆಸರಾಗಿತ್ತು.

ಯಂತ್ರವು ತನ್ನ ಕೆಲಸವನ್ನು ತಾನೇ ಹೆಜ್ಜೆಹೆಜ್ಜೆಗೂ ಪರೀಕ್ಷಿಸುವಂತೆ ಮಾಡುವ ಒಂದು ಕ್ರಮವಿಧಿಯನ್ನು ಬರೆಯುವಂತೆ ಟ್ಯೂರಿಂಗರು ಸೂಚಿಸಿದರು. ಶಾಲೆಯ ಪಾಠಗಳ ಬಿಡುವಿನಲ್ಲಿ ಸ್ಟ್ರೇಚಿಯವರು ಸುಮಾರು ಸಾವಿರ ಆದೇಶಗಳುಳ್ಳ ಕ್ರಮವಿಧಿಯನ್ನು ಬರೆದರು. ಆ ಯಂತ್ರಕ್ಕಾಗಿ ಅಲ್ಲಿಯವರೆಗೆ ಅಷ್ಟು ಉದ್ದದ್ದನ್ನು ಯಾರೂ ಬರೆದಿರಲಿಲ್ಲ. ಒಂದು ಸಂಜೆ ಮ್ಯಾಂಚೆಸ್ಟರಿಗೆ ಹೋಗಿ, ಯಂತ್ರದ ಬಳಕೆಯ ಕುರಿತು ಟ್ಯೂರಿಂಗರು ಅವಸರವಸರವಾಗಿ ಹೇಳಿದ್ದನ್ನು ಕೇಳಿಕೊಂಡು, ರಾತ್ರಿಯೆಲ್ಲ ಒಬ್ಬರೇ ಕುಳಿತರು. ಬೆಳಗಾಗುವಷ್ಟರಲ್ಲಿ ಕ್ರಮವಿಧಿ ನಡೆಯಿತು. ಅಷ್ಟೇ ಅಲ್ಲ, ಕೊನೆಗೆ ಯಂತ್ರದ ಕೂಗುಗೊಳವೆಯು ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿಯನ್ನು ನುಡಿಸಿತು. ಅಲ್ಲಿದ್ದವರು ಬೆರಗಾದರು. ಹ್ಯಾರೊ ಶಾಲೆಯ ಮೇಷ್ಟರ ಹೆಸರು ಒಂದೇ ರಾತ್ರಿಯಲ್ಲಿ ಆ ಸಣ್ಣ ಲೋಕದಲ್ಲೆಲ್ಲ ಹರಡಿತು. ರಾಷ್ಟ್ರೀಯ ಸಂಶೋಧನಾಭಿವೃದ್ಧಿ ನಿಗಮದ ಮುಖ್ಯಸ್ಥರಾಗಿದ್ದ ಲಾರ್ಡ್ ಹಾಲ್ಸ್‌ಬರಿಯವರು ಅವರನ್ನು ಕರೆಸಿಕೊಂಡರು. 1952ರ ಜೂನ್ ತಿಂಗಳಿನಲ್ಲಿ ಅವರು ಶಾಲೆಯನ್ನು ಬಿಟ್ಟು ನಿಗಮವನ್ನು ಸೇರಿದರು. ಅದೇ ಬೇಸಿಗೆಯಲ್ಲಿ ಚೆಕ್ಕರ್ಸ್ ಆಟವೂ ಪೂರ್ಣವಾಗಿ ನಡೆಯಿತು. ಪದಗಳ ಪಟ್ಟಿಗಳಿಂದ ಆರಿಸಿ ಜೋಡಿಸಿ ಪ್ರೇಮಪತ್ರಗಳನ್ನು ಬರೆಯುವ ಒಂದು ವಿನೋದದ ಕ್ರಮವಿಧಿಯನ್ನೂ ಅವರು ಆ ಕಾಲದಲ್ಲಿಯೇ ಮಾಡಿದ್ದರು.

ನಿಗಮದಲ್ಲಿ ಕಳೆದ ಏಳು ವರ್ಷಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಕೆನಡಾದ ಟೊರಾಂಟೊ ನಗರದಲ್ಲಿ ಸೇಂಟ್ ಲಾರೆನ್ಸ್ ನದಿಯ ಜಲಮಾರ್ಗದ ಯೋಜನೆಗೆ ಬೇಕಾದ ಪ್ರವಾಹದ ಲೆಕ್ಕಗಳನ್ನು ಗಣಕದಿಂದ ಮಾಡಿಸಿದರು. 1956ರಲ್ಲಿ ಮೊದಲಾಗಿ ಹೊರಬಂದ ಫೆರಾಂಟಿ ಪೆಗಾಸಸ್ ಗಣಕದ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದರು. ಯಂತ್ರವು ಅದನ್ನು ಬಳಸುವವನಿಗೆ ಸರಳವಾಗಿರಬೇಕೆಂಬುದು ಅವರ ವಾದ. ಕಟ್ಟುವವನ ಅನುಕೂಲವನ್ನಷ್ಟೇ ನೋಡುತ್ತಿದ್ದ ಆ ಕಾಲದಲ್ಲಿ ಅದು ಹೊಸ ಮಾತು.

ಆದರೆ ಯಂತ್ರಗಳು ವೇಗಶಾಲಿಗಳಾದಷ್ಟೂ ಒಂದು ಅನ್ಯಾಯ ಎದ್ದು ಕಾಣತೊಡಗಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಬಲ್ಲವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. 1923ರ ಜನವರಿಯಲ್ಲಿ ಅಲ್ಲಿಯ ಊದುಕುಲುಮೆ ಹೊತ್ತಿಕೊಂಡಾಗ, ಕೆಮ್ಮಣ್ಣುಗುಂಡಿಯ ಅದಿರೂ ಮಲೆನಾಡಿನ ಕಾಡಿನ ಇದ್ದಿಲೂ ಹಗಲಿರುಳೆನ್ನದೆ ಬಂದು ಬೀಳುವಂತೆ ಏರ್ಪಾಡು ಮಾಡಬೇಕಾಯಿತು. ಹೊತ್ತಿಸಿದ ಕುಲುಮೆಯನ್ನು ಬರಿದಾಗಿ ಉರಿಸಿದರೆ ಸರ್ಕಾರದ ಹಣವೇ ಉರಿದಂತೆ. ಗಣಕದ ಸಂಸ್ಕಾರಕವೂ ಅಂಥದೇ ಕುಲುಮೆ. ಅದು ಕ್ಷಣಾರ್ಧದಲ್ಲಿ ಸಾವಿರಾರು ಲೆಕ್ಕಗಳನ್ನು ಮುಗಿಸಿ, ಮುಂದಿನ ಕಾರ್ಡು ಓದುವ ಯಂತ್ರದಿಂದ ಬರಲೆಂದು, ಇಲ್ಲವೇ ಉತ್ತರವು ಮುದ್ರಣವಾಗಲೆಂದು ಕಾದು ನಿಲ್ಲುತ್ತಿತ್ತು. ಲಕ್ಷಗಟ್ಟಲೆ ಬೆಲೆಯ ಯಂತ್ರವು ಬಹುಪಾಲು ಹೊತ್ತು ಕೆಲಸವಿಲ್ಲದೆ ನಿಂತಿರುವುದು. ಅದರ ಬಾಗಿಲಲ್ಲಿ ಕೆಲಸ ಹೊತ್ತವರು ಸಾಲುಗಟ್ಟಿ ನಿಂತಿರುವುದು. ಕ್ರಮವಿಧಿಯಲ್ಲಿ ತಪ್ಪು ಹುಡುಕಬೇಕಾದವನಿಗಂತೂ ಯಂತ್ರದ ಮುಂದೆ ಕುಳಿತು ಯೋಚಿಸುವ ಹಕ್ಕೇ ಇಲ್ಲ. ಅವನು ತಲೆ ಕೆರೆದುಕೊಳ್ಳುವ ಒಂದು ನಿಮಿಷದ ಬೆಲೆ ಅಷ್ಟು ದುಬಾರಿ.

ಸ್ಟ್ರೇಚಿಯವರು ಇದಕ್ಕೆ ಸೂಚಿಸಿದ ಪರಿಹಾರ ಕಾಲಹಂಚಿಕೆ. ಯಂತ್ರದ ಸ್ಮೃತಿಯಲ್ಲಿ ಒಂದಕ್ಕಿಂತ ಹೆಚ್ಚು ಕ್ರಮವಿಧಿಗಳು ಒಟ್ಟಿಗೆ ಇರಲಿ. ಒಂದು ಕೆಲಸವು ಕಾರ್ಡಿಗಾಗಿಯೋ ಸುರುಳಿಗಾಗಿಯೋ ಕಾಯಬೇಕಾದೊಡನೆ ಸಂಸ್ಕಾರಕವು ಇನ್ನೊಂದು ಕೆಲಸಕ್ಕೆ ಹೋಗಲಿ. ಕಾಯುತ್ತಿದ್ದ ವಸ್ತು ಬಂದೊಡನೆ ಒಂದು ಅಡ್ಡಿಸಂಕೇತವು ಅದನ್ನು ಮರಳಿ ಕರೆಯಲಿ. ಒಂದು ಕ್ರಮವಿಧಿಯು ಇನ್ನೊಂದರ ಜಾಗಕ್ಕೆ ಕೈಹಾಕದಂತೆ ಯಂತ್ರದಲ್ಲಿಯೇ ಬೇಲಿ ಇರಲಿ. ಇವೆಲ್ಲದರ ಮೇಲೆ ಒಂದು ಮೇಲ್ವಿಚಾರಕ ಕ್ರಮವಿಧಿಯು ಸದಾ ಎಚ್ಚರವಾಗಿದ್ದು ಸರದಿಯನ್ನು ನಿರ್ಧರಿಸಲಿ. ಇತರ ಕೆಲಸಗಳು ನಡೆಯುತ್ತಿರುವಾಗಲೇ ಒಬ್ಬ ಮನುಷ್ಯನು ತನ್ನ ಮೇಜಿನ ಮುಂದೆ ಕುಳಿತು, ಯಾರಿಗೂ ನಷ್ಟ ಮಾಡದೆ, ನಿಧಾನವಾಗಿ ತನ್ನ ತಪ್ಪುಗಳನ್ನು ತಿದ್ದಿಕೊಳ್ಳಲಿ. 1959ರ ಫೆಬ್ರವರಿಯಲ್ಲಿ ಈ ವಿಚಾರಕ್ಕೆ ಪೇಟೆಂಟಿನ ಅರ್ಜಿ ಸಲ್ಲಿಸಲಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಯುನೆಸ್ಕೊ ಆಶ್ರಯದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ಇದನ್ನು ಪ್ರಬಂಧವಾಗಿ ಮಂಡಿಸಿದರು.

ಇದರಲ್ಲಿ ಬಗೆಹರಿಸಬೇಕಾದ ಒಂದು ಸೂಕ್ಷ್ಮ ಉಂಟು. ಯಾವ ಕೆಲಸವು ಎಷ್ಟು ಹೊತ್ತು ಹಿಡಿಯುತ್ತದೆಂದು ಮೇಲ್ವಿಚಾರಕನಿಗೆ ಮುಂಚಿತವಾಗಿ ತಿಳಿದಿದ್ದರೆ ಸರದಿಯನ್ನು ಏರ್ಪಡಿಸುವುದು ಲೆಕ್ಕದ ಮಾತಾಗುತ್ತಿತ್ತು. ಆದರೆ ಅದು ತಿಳಿಯಲಾರದು. 1953ರಲ್ಲಿ ಸ್ಟ್ರೇಚಿಯವರು ಟ್ಯೂರಿಂಗರೊಡನೆ ಒಂದು ಸಮ್ಮೇಳನಕ್ಕೆ ರೈಲಿನಲ್ಲಿ ಹೋಗುತ್ತಿದ್ದಾಗ, ಯಾವುದೇ ಕ್ರಮವಿಧಿಯನ್ನು ಕೊಟ್ಟರೂ ಅದು ಎಂದಾದರೂ ನಿಲ್ಲುವುದೋ ಇಲ್ಲವೋ ಎಂದು ಹೇಳಬಲ್ಲ ಕ್ರಮವಿಧಿಯನ್ನು ಬರೆಯುವುದು ಅಸಾಧ್ಯವೆಂಬುದನ್ನು ಟ್ಯೂರಿಂಗರು ಬಾಯಿಮಾತಿನಲ್ಲಿಯೇ ಸಾಧಿಸಿ ತೋರಿಸಿದರು. ಸ್ಟ್ರೇಚಿಯವರು ಆ ಸಾಧನೆಯನ್ನು 1965ರಲ್ಲಿ ಒಂದು ಪತ್ರಿಕೆಗೆ ಬರೆದ ಕಿರುಪತ್ರದಲ್ಲಿ ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಿದರು. ಇಂದಿಗೂ ವಿದ್ಯಾರ್ಥಿಗಳಿಗೆ ಅದಕ್ಕಿಂತ ಸರಳವಾಗಿ ಅದನ್ನು ಹೇಳುವುದು ಕಷ್ಟ. ಕೆಲಸವು ಯಾವಾಗ ಮುಗಿಯುವುದೆಂದು ತಿಳಿಯದಿದ್ದಲ್ಲಿ, ಗಡಿಯಾರವನ್ನು ನೋಡಿ ಅದನ್ನು ನಡುವೆಯೇ ಎಬ್ಬಿಸುವ ಅಧಿಕಾರ ಮೇಲ್ವಿಚಾರಕನಿಗೆ ಇರಲೇಬೇಕು. ಎಲ್ಲ ದೊಡ್ಡ ಗಣಕಗಳ ಸರದಿಯ ಪದ್ಧತಿಯೂ ಈ ಅಜ್ಞಾನದ ತಳಹದಿಯ ಮೇಲೆಯೇ ನಿಂತಿದೆ ಎಂದರೆ ತಪ್ಪಾಗದು.

ಕಾಲಹಂಚಿಕೆಯನ್ನು ಕಂಡುಹಿಡಿದವರು ಯಾರೆಂಬ ವಿವಾದವು ಆಮೇಲೆ ಎದ್ದಿತು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಜಾನ್ ಮೆಕಾರ್ಥಿಯವರು 1959ರ ಆರಂಭದಲ್ಲಿಯೇ ಒಂದು ಟಿಪ್ಪಣಿಯಲ್ಲಿ, ಪ್ರತಿಯೊಬ್ಬ ಬಳಕೆದಾರನಿಗೂ ಒಂದೊಂದು ಬೆರಳಚ್ಚಿನ ಯಂತ್ರವನ್ನು ಕೊಟ್ಟು ಒಂದೇ ಗಣಕವನ್ನು ಹಂಚುವ ಯೋಜನೆಯನ್ನು ಬರೆದಿದ್ದರು. ಅಲ್ಲಿಯೇ ಫೆರ್ನಾಂಡೊ ಕೊರ್ಬಾಟೊ ಅವರು 1961ರ ನವೆಂಬರಿನಲ್ಲಿ ಅಂಥ ವ್ಯವಸ್ಥೆಯೊಂದನ್ನು ನಡೆಸಿ ತೋರಿಸಿದರು. ಕೊರ್ಬಾಟೊ ಅವರ ಸರದಿಯ ಕ್ರಮವೂ ಗಮನಾರ್ಹ: ಕೊಟ್ಟ ಗಳಿಗೆಯಲ್ಲಿ ಮುಗಿಯದ ಕೆಲಸವನ್ನು ಕೆಳಗಿನ ಸಾಲಿಗೆ ಇಳಿಸುವುದು, ಆದರೆ ಅಲ್ಲಿ ಅದಕ್ಕೆ ಸರದಿ ಬಂದಾಗ ಹೆಚ್ಚು ಹೊತ್ತು ಕೊಡುವುದು. ಕೆಳಗಿನ ಸಾಲಿನವರಿಗೆ ನೀರೇ ತಲುಪದೆ ಹೋಗಬಹುದೆಂಬ ಅಪಾಯ ಇದರಲ್ಲಿತ್ತು. ಭದ್ರಾ ನಾಲೆಯ ಕೊನೆಯ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಹಳ ಹೊತ್ತು ಕಾದ ಕೆಲಸವನ್ನು ತಾನಾಗಿ ಮೇಲಕ್ಕೆ ಏರಿಸುವ ನಿಯಮವನ್ನು ಸೇರಿಸಬೇಕಾಯಿತು.

ವಿವಾದದಲ್ಲಿ ಸ್ಟ್ರೇಚಿಯವರು ನಡೆದುಕೊಂಡ ರೀತಿ ಅವರ ವ್ಯಕ್ತಿತ್ವಕ್ಕೆ ಸಾಕ್ಷಿ. ಮರಣಕ್ಕೆ ಒಂದು ವರ್ಷ ಮೊದಲು, 1974ರಲ್ಲಿ, ಅಮೆರಿಕದ ಗಣಕಶಾಸ್ತ್ರಜ್ಞ ಡೊನಾಲ್ಡ್ ಕ್ನೂತರಿಗೆ ಬರೆದ ಪತ್ರದಲ್ಲಿ, ಪ್ರಬಂಧವನ್ನು ಬರೆದಾಗ ಮುಂದೆ ಆ ಹೆಸರಿನಿಂದ ಪ್ರಸಿದ್ಧವಾದ, ನೂರಾರು ಜನ ಒಟ್ಟಿಗೆ ಕುಳಿತು ಬಳಸುವ ವ್ಯವಸ್ಥೆಯು ತಮ್ಮ ಕಲ್ಪನೆಯಲ್ಲಿ ಇರಲಿಲ್ಲವೆಂದು ಅವರೇ ಸ್ಪಷ್ಟಪಡಿಸಿದರು. ಸಲ್ಲದ ಕೀರ್ತಿಯನ್ನು ತಾನಾಗಿ ಕಳಚಿ ಇಟ್ಟವರು ವಿದ್ವಾಂಸರಲ್ಲಿಯೂ ವಿರಳ. ಆದರೂ ಅಡ್ಡಿಸಂಕೇತ, ಸ್ಮೃತಿಯ ಬೇಲಿ, ಮೇಲ್ವಿಚಾರಕ ಎಂಬ ಮೂರು ಕಂಬಗಳನ್ನು ಒಂದೇ ಚಪ್ಪರದ ಕೆಳಗೆ ಜೋಡಿಸಿ ವಿವರಿಸಿದ ಶ್ರೇಯಸ್ಸು ಅವರಿಗೆ ಸಲ್ಲಬೇಕು.

ಆ ಚಪ್ಪರ ಮುಂದೆ ಹೇಗೆ ಬೆಳೆಯಿತೆಂಬುದನ್ನು ನೋಡಿದರೆ ಅವರ ವಿಚಾರದ ಶಕ್ತಿ ತಿಳಿಯುತ್ತದೆ. 1960ರ ದಶಕದಲ್ಲಿ ಐ.ಬಿ.ಎಂ. ಕಂಪೆನಿಯ ಸಂಶೋಧಕರು ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಕೆಲಸಗಳಿಗೆ ಕಾಲವನ್ನು ಹಂಚುವುದರ ಬದಲು, ಮೇಲ್ವಿಚಾರಕರಿಗೇ ಕಾಲವನ್ನು ಹಂಚಿದರೆ ಹೇಗೆ? ಒಂದು ನಿಜವಾದ ಯಂತ್ರದ ಮೇಲೆ ಹಲವು ಕಲ್ಪಿತ ಯಂತ್ರಗಳು. ಪ್ರತಿಯೊಂದರಲ್ಲಿಯೂ ತನ್ನದೇ ಯಂತ್ರವೆಂದು ನಂಬಿ ಆಳುವ ಒಬ್ಬ ಮೇಲ್ವಿಚಾರಕ. ಅವರೆಲ್ಲರ ಮೇಲೆ ಇನ್ನೊಬ್ಬ. ಸೂಪರ್‌ವೈಸರನ ಮೇಲಿನವನೆಂಬ ಅರ್ಥದಲ್ಲಿಯೇ ಅವನಿಗೆ ಹೈಪರ್‌ವೈಸರ್ ಎಂಬ ಹೆಸರು ಬಂದಿತು. ಈ ಪ್ರಯೋಗದಿಂದ ಬೆಳೆದ ವಿ.ಎಂ./370 ಎಂಬ ವ್ಯವಸ್ಥೆಯು 1972ರ ಆಗಸ್ಟಿನಲ್ಲಿ ಪ್ರಕಟವಾಯಿತು. 1988ರಲ್ಲಿ ಅದೇ ಕಂಪೆನಿಯು ಈ ಹಂಚಿಕೆಯನ್ನು ಯಂತ್ರದ ಒಳಗೇ ಅಡಕಗೊಳಿಸಿ, ಒಂದು ಮೇನ್‌ಫ್ರೇಮನ್ನು ಹಲವು ಭಾಗಗಳಾಗಿ ವಿಂಗಡಿಸುವ ಏರ್ಪಾಡನ್ನು ತಂದಿತು.

ಮತ್ತೆ ಪಂಕ್ತಿಗೇ ಬರಬೇಕು. ಜಾತ್ರೆಯ ದಿನ ಮೂರು ಊಟದ ಮನೆಗಳು. ಬಡಿಸಲು ಒಟ್ಟು ಆರು ಜನ. ಪ್ರತಿಯೊಂದು ಊಟದ ಮನೆಗೂ ಒಬ್ಬ ಯಜಮಾನ. ಅವನ ಪಟ್ಟಿಯಲ್ಲಿ ನಾಲ್ವರು ಬಡಿಸುವವರ ಹೆಸರು. ಪಟ್ಟಿಗಳನ್ನು ಕೂಡಿದರೆ ಹನ್ನೆರಡು ಹೆಸರು, ಅಂಗಳದಲ್ಲಿ ಆರೇ ಜನ. ಪಟ್ಟಿಯ ಹೆಸರುಗಳೇ ತಾರ್ಕಿಕ ಸಂಸ್ಕಾರಕಗಳು; ಅಂಗಳದ ಆಳುಗಳೇ ನಿಜವಾದ ಸಂಸ್ಕಾರಕಗಳು. ಒಟ್ಟು ವ್ಯವಸ್ಥೆಯ ಮುಖ್ಯಸ್ಥನು ಮೂರು ಮನೆಗಳಿಗೂ ಒಂದೊಂದು ತೂಕವನ್ನು ಗೊತ್ತುಮಾಡುತ್ತಾನೆ: 50, 30, 20 ಎಂದಿಟ್ಟುಕೊಳ್ಳೋಣ. ಆರು ಜನರನ್ನು ಆ ಪ್ರಮಾಣದಲ್ಲಿ ಹಂಚಿದರೆ ಮೊದಲನೆಯ ಮನೆಗೆ 3, ಎರಡನೆಯದಕ್ಕೆ 1.8, ಮೂರನೆಯದಕ್ಕೆ 1.2 ಆಳುಗಳ ದುಡಿಮೆ ಸಲ್ಲಬೇಕು. ಆಳನ್ನು ಸೀಳಲಾಗದು, ಅವನ ಕಾಲವನ್ನು ಸೀಳಬಹುದು. ಯಂತ್ರದಲ್ಲಿ ಆ ಸೀಳು ಸೆಕೆಂಡಿನ ನೂರನೆಯ ಒಂದೆರಡು ಭಾಗದಷ್ಟು ಮಾತ್ರ. ತೂಕಕ್ಕೆ ಬೆಲೆ ಬರುವುದು ಎಲ್ಲ ಮನೆಗಳಲ್ಲಿಯೂ ಎಲೆಗಳು ತುಂಬಿದಾಗ ಮಾತ್ರ. ಒಂದು ಮನೆ ಬರಿದಾಗಿದ್ದರೆ ಅದರ ಪಾಲಿನ ಆಳುಗಳು ಉಳಿದ ಮನೆಗಳಿಗೆ ಹೋಗುತ್ತಾರೆ. ಮಿತಿಯನ್ನು ಬೇಕೆಂದೇ ಕಟ್ಟಿದ್ದರೆ ಮಾತು ಬೇರೆ.

ತೊಂದರೆ ಬರುವುದು ಯಜಮಾನನ ತಿಳಿವಳಿಕೆಯಲ್ಲಿ. ತನ್ನ ಪಟ್ಟಿಯ ನಾಲ್ವರೂ ಎದುರಿಗಿದ್ದಾರೆಂದು ನಂಬಿ ಅವನು ಕೆಲಸ ಹಂಚುತ್ತಾನೆ. ಅವರಲ್ಲಿ ಒಬ್ಬನನ್ನು ಮುಖ್ಯಸ್ಥನು ಆ ಕ್ಷಣದಲ್ಲಿ ಬೇರೆಡೆಗೆ ಕಳುಹಿಸಿರುತ್ತಾನೆ. ಹಾಗೆ ಹೋದವನ ಕೈಯಲ್ಲಿ ಉಗ್ರಾಣದ ಬೀಗದ ಕೈ ಇದ್ದರೆ ಉಳಿದವರೆಲ್ಲ ಅವನಿಗಾಗಿ ಕಾಯಬೇಕು. ಬೀರೂರು ಶಿವಮೊಗ್ಗಗಳ ನಡುವೆ ಮೀಟರ್ ಗೇಜಿನ ಒಂಟಿ ಹಳಿಯಿದ್ದ ಕಾಲವನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ: ಹಳಿಯ ಟೋಕನ್ನನ್ನು ಕೈಯಲ್ಲಿ ಹಿಡಿದ ಬಂಡಿಯು ತರೀಕೆರೆ ದಾಟಿ ನಡುದಾರಿಯಲ್ಲಿ ನಿಂತುಬಿಟ್ಟರೆ, ಭದ್ರಾವತಿಯಲ್ಲಿ ನಿಂತ ಬಂಡಿಗೆ ಉಗಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಬೀಗಕ್ಕಾಗಿ ಕಾಯುವವನು ಸುಮ್ಮನೆ ಸುತ್ತುತ್ತ ಕಾಲ ಕಳೆಯದೆ, ತನ್ನ ಗಳಿಗೆಯನ್ನು ಮುಖ್ಯಸ್ಥನಿಗೆ ಹಿಂದಕ್ಕೆ ಒಪ್ಪಿಸುವಂತೆ ಮೇನ್‌ಫ್ರೇಮ್‌ಗಳಲ್ಲಿ ಏರ್ಪಾಡು ಮಾಡಲಾಯಿತು. ಇನ್ನೊಂದು ತೊಂದರೆಯೆಂದರೆ, ಪದೇಪದೇ ಮನೆ ಬದಲಿಸುವ ಆಳಿಗೆ ಯಾವ ಎಲೆಗೆ ಏನು ಬೇಕೆಂಬ ನೆನಪು ಅಳಿಸಿಹೋಗುತ್ತದೆ. ಸಂಸ್ಕಾರಕದ ಹತ್ತಿರದ ಸ್ಮೃತಿಯ ಗತಿಯೂ ಅದೇ. 2008ರಲ್ಲಿ ಬಂದ ಒಂದು ಸುಧಾರಣೆಯು ಇದನ್ನು ಬಲು ಸರಳವಾಗಿ ಬಗೆಹರಿಸಿತು: 3 ಆಳುಗಳ ಹಕ್ಕುಳ್ಳ ಮನೆಗೆ ಮೂವರನ್ನು ಕಾಯಮ್ಮಾಗಿ ಕೊಡುವುದು, 1.8 ಇದ್ದಲ್ಲಿ ಒಬ್ಬನನ್ನು ಕಾಯಮ್ಮಾಗಿಯೂ ಇನ್ನೊಬ್ಬನನ್ನು ನೂರಕ್ಕೆ 80 ಪಾಲು ಹೊತ್ತಿಗೂ ಕೊಡುವುದು. ಪಟ್ಟಿಯ ಉಳಿದ ಹೆಸರುಗಳನ್ನು ಬಿಡುವಿದ್ದಾಗಲಷ್ಟೇ ಕರೆಯುವುದು. ಯಾರು ಯಾವ ಬಗೆಯವರೆಂಬುದನ್ನು ಯಜಮಾನನಿಗೂ ತಿಳಿಸಿಬಿಡುವುದು. ಮುಖ್ಯಸ್ಥನೂ ಯಜಮಾನನೂ ಪರಸ್ಪರ ಮಾತಾಡತೊಡಗಿದ್ದೇ ಅದರ ಹಿರಿಮೆ.

ಕರ್ನಾಟಕದಲ್ಲಿಯೂ ಈ ಬದಲಾವಣೆಯ ಹೆಜ್ಜೆಗಳು ಕಾಣಿಸಿಕೊಂಡವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ಸುಮಾರಿಗೆ ಐ.ಬಿ.ಎಂ. 360 ವರ್ಗದ ಗಣಕ ಬಂದಾಗ, ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಫಲಿತಾಂಶಕ್ಕಾಗಿ ಕಾಯುವುದೇ ರೂಢಿ. ಮುಂದೆ ಕಾಲಹಂಚಿಕೆಯ ಯಂತ್ರಗಳು ಬಂದ ಮೇಲೆಯೇ ವಿದ್ಯಾರ್ಥಿಗೆ ತನ್ನ ಮೇಜಿನ ಮುಂದೆ ಕುಳಿತು ತಪ್ಪು ಮಾಡುವ ಸ್ವಾತಂತ್ರ್ಯ ದೊರೆತದ್ದು. ಸ್ಟ್ರೇಚಿಯವರು 1959ರಲ್ಲಿ ಬಯಸಿದ್ದೂ ಅದೇ ಸ್ವಾತಂತ್ರ್ಯವನ್ನು.

ಅವರ ಉಳಿದ ಜೀವನ ಬೇರೆ ದಾರಿ ಹಿಡಿಯಿತು. ನಿಗಮವನ್ನು ಬಿಟ್ಟು, ಲಂಡನ್ನಿನ ತಮ್ಮ ಮನೆಯಲ್ಲಿಯೇ ಸ್ವತಂತ್ರ ಸಲಹೆಗಾರರಾಗಿ ಕುಳಿತು, ಪೀಟರ್ ಲ್ಯಾಂಡಿನ್ ಎಂಬ ತರುಣನನ್ನು ಸಹಾಯಕನಾಗಿ ಇಟ್ಟುಕೊಂಡರು. ಆ ತರುಣನು ಸಂಬಳದ ಹೊತ್ತಿನಲ್ಲಿ ಮಾಡಿದ ಸ್ವಂತ ಚಿಂತನೆಯೇ ಗಣಕಭಾಷೆಗಳ ಶಾಸ್ತ್ರದ ಅಡಿಗಲ್ಲುಗಳಲ್ಲಿ ಒಂದಾಯಿತು. 1962ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪ್ರಯೋಗಾಲಯಕ್ಕೆ ಬಂದು, ಕೇಂಬ್ರಿಜ್ ಮತ್ತು ಲಂಡನ್ನಿನ ವಿದ್ವಾಂಸರೊಡನೆ ಸಿ.ಪಿ.ಎಲ್. ಎಂಬ ಹೊಸ ಗಣಕಭಾಷೆಯ ರಚನೆಯಲ್ಲಿ ತೊಡಗಿದರು. ಆ ಭಾಷೆ ಪೂರ್ಣವಾಗಿ ಬಳಕೆಗೆ ಬರಲೇ ಇಲ್ಲ. ಇದನ್ನು ಮರೆಮಾಚಬೇಕಾಗಿಲ್ಲ, ಸ್ಟ್ರೇಚಿಯವರ ಪರಿಪೂರ್ಣತೆಯ ಹಟಕ್ಕೂ ಇದರಲ್ಲಿ ಪಾಲಿತ್ತು. ಅವರು ಬರೆದದ್ದು ಕಡಿಮೆ. ಬರೆದು ಪ್ರಕಟಿಸಿದ್ದು ಅದಕ್ಕಿಂತಲೂ ಕಡಿಮೆ. ಆದರೆ ಮಾರ್ಟಿನ್ ರಿಚರ್ಡ್ಸ್ ಅವರು ಆ ಭಾಷೆಯನ್ನು ಸರಳಗೊಳಿಸಿ 1967ರಲ್ಲಿ ಬಿ.ಸಿ.ಪಿ.ಎಲ್. ಮಾಡಿದರು. ಅದರಿಂದ ಅಮೆರಿಕದಲ್ಲಿ ಬಿ ಎಂಬ ಭಾಷೆಯೂ, ಅದರಿಂದ 1972ರ ಹೊತ್ತಿಗೆ ಸಿ ಭಾಷೆಯೂ ಹುಟ್ಟಿದವು. ಶಿವಮೊಗ್ಗದ ಇಂಜಿನಿಯರಿಂಗ್ ವಿದ್ಯಾರ್ಥಿಯು ಮೊದಲ ವರ್ಷದಲ್ಲಿ ಕಲಿಯುವ ಸಿ ಭಾಷೆಯ ವಂಶವೃಕ್ಷವನ್ನು ಹಿಡಿದು ಮೇಲಕ್ಕೆ ಹೋದರೆ, ಮುಗಿಯದೆ ನಿಂತ ಈ ಕೆಲಸವೇ ಸಿಗುತ್ತದೆ. ಇಂದು ಮೇನ್‌ಫ್ರೇಮ್‌ಗಳ ಮೇಲೆಯೂ ನಡೆಯುವ ಲಿನಕ್ಸ್ ವ್ಯವಸ್ಥೆಯ ಸರದಿಯ ಕ್ರಮವಿಧಿಯನ್ನು ಬರೆದಿರುವುದು ಆ ಸಿ ಭಾಷೆಯಲ್ಲಿಯೇ.

1965ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಕ್ರಮವಿಧಿ ಸಂಶೋಧನೆಗೆಂದೇ ಒಂದು ಬಳಗವನ್ನು ಆರಂಭಿಸಿ ಸ್ಟ್ರೇಚಿಯವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಅಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ಮೇಷ್ಟರ ಪ್ರಶ್ನೆಯೇ: ಒಂದು ಕ್ರಮವಿಧಿಯ ಅರ್ಥವೇನು? ಯಂತ್ರದಲ್ಲಿ ಅದು ಏನು ಮಾಡಿತೆಂದು ಹೇಳಿದರೆ ಸಾಲದು. ಗಣಿತದ ವಸ್ತುವಾಗಿ ಅದು ಯಾವುದನ್ನು ಸೂಚಿಸುತ್ತದೆಂದು ಹೇಳಬೇಕು. 1969ರಲ್ಲಿ ಅಮೆರಿಕದ ತರ್ಕಶಾಸ್ತ್ರಜ್ಞ ಡೇನಾ ಸ್ಕಾಟರು ಆಕ್ಸ್‌ಫರ್ಡಿಗೆ ಬಂದಾಗ ಇಬ್ಬರೂ ಸೇರಿ ಆ ಅರ್ಥಶಾಸ್ತ್ರಕ್ಕೆ ಭದ್ರವಾದ ಗಣಿತದ ಬುನಾದಿಯನ್ನು ಹಾಕಿದರು. 1971ರಲ್ಲಿ ವಿಶ್ವವಿದ್ಯಾಲಯವು ಅವರಿಗೆ ಪ್ರಾಧ್ಯಾಪಕ ಪದವಿಯನ್ನು ಇತ್ತಿತು. ಕೇಂಬ್ರಿಜ್‌ನ ಕೆಳದರ್ಜೆಯ ಪದವೀಧರನಿಗೆ ಆಗ ಐವತ್ತೈದರ ಸಮೀಪ. ವಿಚಿತ್ರವೆಂದರೆ, ಜೋ ಸ್ಟಾಯ್ ಅವರೊಡನೆ ಸೇರಿ ಅವರು ಅಲ್ಲಿ ರಚಿಸಿದ ಓ.ಎಸ್. 6 ಎಂಬ ಗಣಕವ್ಯವಸ್ಥೆಯು ಒಬ್ಬನೇ ಬಳಕೆದಾರನಿಗಾಗಿ ಮಾಡಿದ್ದು. ಕಾಲವನ್ನು ಹಂಚುವ ಗೋಜು ಅದರಲ್ಲಿರಲಿಲ್ಲ. ಸ್ಪಷ್ಟತೆಗಾಗಿ ತಮ್ಮದೇ ವಿಚಾರವನ್ನು ಬದಿಗಿಡಲು ಅವರು ಹಿಂಜರಿಯಲಿಲ್ಲ.

1975ರ ಮೇ 18ರಂದು, ಕಾಮಾಲೆಗೆ ಕಾರಣವಾದ ಯಕೃತ್ತಿನ ಸೋಂಕಿನಿಂದ, ಸ್ಟ್ರೇಚಿಯವರು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 58. ರಾಬರ್ಟ್ ಮಿಲ್ನ್ ಅವರೊಡನೆ ಬರೆಯುತ್ತಿದ್ದ ಮಹಾಗ್ರಂಥವನ್ನು ಮಿಲ್ನ್ ಅವರು ಪೂರ್ಣಗೊಳಿಸಿ 1976ರಲ್ಲಿ ಪ್ರಕಟಿಸಿದರು. 1967ರಲ್ಲಿ ಕೋಪನ್‌ಹೇಗನ್ನಿನ ಒಂದು ಬೇಸಿಗೆ ಶಾಲೆಯಲ್ಲಿ ಅವರು ಮಾಡಿದ ಪಾಠಗಳ ಟಿಪ್ಪಣಿಗಳು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕೈಯಿಂದ ಕೈಗೆ ನಕಲುಗಳಾಗಿ ಓಡಾಡಿ, 2000ನೆಯ ಇಸವಿಯಲ್ಲಿ ಕೊನೆಗೂ ಅಚ್ಚಾದವು. 1951ರಲ್ಲಿ ಮ್ಯಾಂಚೆಸ್ಟರಿನ ಯಂತ್ರವು ನುಡಿಸಿದ ಧಾಟಿಗಳನ್ನು ಬಿ.ಬಿ.ಸಿ. ಸಂಸ್ಥೆಯು ತಟ್ಟೆಯ ಮೇಲೆ ಮುದ್ರಿಸಿಕೊಂಡಿತ್ತು. 2016ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಅದರ ವೇಗದ ದೋಷವನ್ನು ತಿದ್ದಿ, ಆ ಸ್ವರಗಳನ್ನು ಮೊದಲಿನಂತೆಯೇ ಕೇಳುವ ಹಾಗೆ ಮಾಡಿದರು.